ಶಸ್ತ್ರ, ಶಾಸನ, ಶ್ರಾವಕ

ಅಣುವ್ರತಧಾರಿಯಾದ ಗೃಹಸ್ಥನೊಬ್ಬನು ಒಂದು ರಾಜ್ಯವನ್ನು ಬಿಟ್ಟು ಇನ್ನೊಂದು ರಾಜ್ಯದಲ್ಲಿ ನೆಲೆಸಲು ಹೊರಟಿದ್ದಾನೆ. ಅವನ ಮನೆಯಲ್ಲಿ ತಲೆಮಾರಿನಿಂದ ಬಂದ ಬಂದೂಕೊಂದಿದೆ. ಅದನ್ನು ಅವನು ಏನು ಮಾಡಬೇಕು? ಮೇಲುನೋಟಕ್ಕೆ ಇದು ವಕೀಲರು ಬಿಡಿಸಬೇಕಾದ ಪ್ರಶ್ನೆ. ಇಲ್ಲಿ ಪರವಾನಗಿ ಇರುವ ವಸ್ತು ಅಲ್ಲಿ ಸಲ್ಲುವುದೋ ಇಲ್ಲವೋ ಎಂಬುದನ್ನು ಕಚೇರಿಯಲ್ಲಿ ವಿಚಾರಿಸಿದರೆ ಮುಗಿಯಿತು ಎನ್ನಬಹುದು. ಆದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ನಿನ್ನೆಯವರೆಗೆ ಒಪ್ಪಿತವಾಗಿದ್ದ ವಸ್ತು ಗಡಿ ದಾಟಿದ ಮಾತ್ರಕ್ಕೆ ಅಪರಾಧವಾಗುವುದಾದರೆ, ಅದರ ಒಳಿತು ಕೆಡುಕು ವಸ್ತುವಿನಲ್ಲಿದೆಯೆ, ನೆಲದಲ್ಲಿದೆಯೆ, ಅಥವಾ ಅದನ್ನು ಇಟ್ಟುಕೊಂಡವನ ಮನಸ್ಸಿನಲ್ಲಿದೆಯೆ?

ಜೈನರ ಮನೆಯಲ್ಲಿ ಬಂದೂಕು ಎಲ್ಲಿಂದ ಬಂತೆಂದು ಹುಬ್ಬೇರಿಸುವವರು ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದ ನಮ್ಮ ಒಕ್ಕಲುತನದ ಮನೆಗಳನ್ನು ಕಂಡವರಲ್ಲ. ನಮ್ಮ ಸಮಾಜದಲ್ಲಿ ವರ್ತಕರು ಇರುವಂತೆ ಬೇಸಾಯಗಾರರೂ ಇದ್ದಾರೆ. ಗೌಡಿಕೆ, ಪಾಟೀಲಕಿಯ ಮನೆತನಗಳೂ ಇವೆ. ಕಬ್ಬಿನ ಹೊಲಕ್ಕೆ ಕಾಡುಹಂದಿ ನುಗ್ಗುತ್ತದೆಂದೋ, ತೋಟದ ಒಂಟಿಮನೆಗೆ ಕಳ್ಳರ ಭಯವೆಂದೋ ಅಜ್ಜನ ಕಾಲದಲ್ಲಿ ಪಡೆದ ಜೋಡುನಳಿಗೆಯ ಬಂದೂಕು ಮೂರನೆಯ ತಲೆಮಾರಿನ ಕಪಾಟಿನಲ್ಲಿ ಉಳಿದಿರುವುದುಂಟು. ಅದು ಒಂದು ಸಲವೂ ಸಿಡಿಯದೆ ಇದ್ದಿರಬಹುದು. ಮೊಮ್ಮಗ ಸಾಂಗಲಿಗೋ ಪುಣೆಗೋ ಹೈದರಾಬಾದಿಗೋ ಹೊರಟು ನಿಂತಾಗ ಅದರ ನೆನಪಾಗುತ್ತದೆ.

ಕಾನೂನಿನ ಸ್ಥಿತಿಯನ್ನು ಮೊದಲು ನೋಡುವುದು ಒಳ್ಳೆಯದು. ನಮ್ಮ ಸಂವಿಧಾನದಲ್ಲಿ ಆಯುಧಗಳ ವಿಷಯ ಕೇಂದ್ರದ ಪಟ್ಟಿಗೆ ಸೇರಿದೆ. ಆದುದರಿಂದ 1959ರ ಆಯುಧ ಅಧಿನಿಯಮವೂ ಅದರ ಕೆಳಗೆ 2016ರಲ್ಲಿ ಹೊಸದಾಗಿ ರಚಿತವಾದ ನಿಯಮಗಳೂ ಕರ್ನಾಟಕಕ್ಕೆ ಹೇಗೋ ಮಹಾರಾಷ್ಟ್ರಕ್ಕೂ ಹಾಗೆಯೇ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು; ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಇವೆಲ್ಲ ಇಡೀ ದೇಶಕ್ಕೆ ಒಂದೇ. ಆದರೆ ಅನುಮತಿ ಮಾತ್ರ ನೆಲಕ್ಕೆ ಕಟ್ಟಿದ್ದು. ಅದು ಎಲ್ಲಿಯವರೆಗೆ ಸಲ್ಲುತ್ತದೆ, ಒಂದು ಜಿಲ್ಲೆಗೋ, ಒಂದು ರಾಜ್ಯಕ್ಕೋ, ಇಡೀ ಭಾರತಕ್ಕೋ ಎಂಬುದನ್ನು ಪರವಾನಗಿಯ ಪುಸ್ತಕದಲ್ಲಿ ನಮೂದಿಸಿರುತ್ತಾರೆ. ಪರವಾನಗಿದಾರನು 30 ದಿನಗಳಿಗಿಂತ ಹೆಚ್ಚು ಕಾಲ ವಾಸಸ್ಥಳ ಬದಲಿಸಿ ಬಂದೂಕನ್ನು ಜೊತೆಗೆ ಒಯ್ದರೆ, ಹಾಗೆ ಬದಲಿಸಿದ 30 ದಿನಗಳೊಳಗೆ ಹೊಸ ಊರಿನ ಅಧಿಕಾರಿಗೂ ಪರವಾನಗಿ ಕೊಟ್ಟ ಹಳೆಯ ಅಧಿಕಾರಿಗೂ ಬರಹದ ಮೂಲಕ ತಿಳಿಸಬೇಕು. ಕೇಳಿದಾಗ ಪುಸ್ತಕವನ್ನೂ ಬಂದೂಕನ್ನೂ ತಂದು ತೋರಿಸಬೇಕು. ಇಷ್ಟನ್ನು ಮಾಡದವನು ಕಳ್ಳನಲ್ಲದಿರಬಹುದು. ಆದರೂ ನಿಯಮ ಮೀರಿದವನಾಗುತ್ತಾನೆ.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ನಮ್ಮ ಭಾಗದಲ್ಲಿ ನಡೆದಿದೆ. ಮನೆ ಕದಲಲಿಲ್ಲ, ರಾಜ್ಯವೇ ಕದಲಿತು. ಜಮಖಂಡಿಯ ಒಂದು ಮನೆ 1948ರವರೆಗೆ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಆ ವರ್ಷ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟ ಬಾಗಲಕೋಟೆ ಜಿಲ್ಲೆಯ ಪಾಲಾಯಿತು. ಕಪಾಟಿನ ಬಂದೂಕು ಇದ್ದಲ್ಲಿಯೇ ಇತ್ತು. ಅದಕ್ಕೆ ಒಪ್ಪಿಗೆ ನೀಡುವ ಕೈ ಮೂರು ಸಲ ಬದಲಾಯಿತು. ಆ ಮನೆಯವರ ಪುಣ್ಯಪಾಪಗಳೂ ಅದರೊಡನೆ ಮೂರು ಸಲ ಬದಲಾದವೆಂದು ಯಾರೂ ಹೇಳಲಾರರು.

ನಮ್ಮ ಮಕ್ಕಳು ನೆಲೆಸಿರುವ ಅಮೆರಿಕದಲ್ಲಂತೂ ಈ ಭೇದ ಇನ್ನೂ ತೀಕ್ಷ್ಣ. ಅಲ್ಲಿ ಆಯುಧ ಹೊಂದುವುದು ಸಂವಿಧಾನದತ್ತ ಹಕ್ಕು. ಆದರೆ ಆ ಹಕ್ಕಿನ ಆಕಾರವನ್ನು ಆಯಾ ರಾಜ್ಯವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಟೆಕ್ಸಾಸ್ ರಾಜ್ಯದಲ್ಲಿ 2021ರಿಂದ 21 ವರ್ಷ ತುಂಬಿದ ಬಹುತೇಕ ಜನ ಪರವಾನಗಿಯಿಲ್ಲದೆಯೇ ಪಿಸ್ತೂಲನ್ನು ಸೊಂಟದಲ್ಲಿಟ್ಟುಕೊಂಡು ತಿರುಗಬಹುದು. ಅದೇ ವ್ಯಕ್ತಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದರೆ 60 ದಿನಗಳೊಳಗೆ ತನ್ನ ಆಯುಧಗಳ ವಿವರವನ್ನು ಸರ್ಕಾರಕ್ಕೆ ಒಪ್ಪಿಸಬೇಕು. 2013ರಲ್ಲಿ ಫಿಲಡೆಲ್ಫಿಯಾ ನಗರದ ಮಹಿಳೆಯೊಬ್ಬರು ತಮ್ಮ ರಾಜ್ಯದ ಪರವಾನಗಿಯಿದ್ದ ಪಿಸ್ತೂಲಿನೊಡನೆ ನದಿಯಾಚೆಯ ನ್ಯೂಜೆರ್ಸಿಗೆ ಹೋದರು. ಪೊಲೀಸರು ವಾಹನ ತಡೆದಾಗ ತಮ್ಮಲ್ಲಿ ಪಿಸ್ತೂಲಿದೆಯೆಂದು ತಾವಾಗಿಯೇ ಹೇಳಿದರು. ನ್ಯೂಜೆರ್ಸಿಯಲ್ಲಿ ಆ ಪರವಾನಗಿಗೆ ಬೆಲೆಯಿರಲಿಲ್ಲ. ಹಲವು ವರ್ಷಗಳ ಸೆರೆವಾಸದ ಭೀತಿಯನ್ನು ಎದುರಿಸಿದ ಅವರಿಗೆ 2015ರಲ್ಲಿ ಅಲ್ಲಿನ ಗವರ್ನರ್ ಕ್ಷಮಾದಾನ ನೀಡಿದರು. ಆಕೆ ಸತ್ಯವನ್ನೇ ನುಡಿದಿದ್ದರು. ಸತ್ಯ ನುಡಿದದ್ದು ಅಜ್ಞಾನವನ್ನು ಮುಚ್ಚಲಿಲ್ಲ.

ಈ ಅಜ್ಞಾನದ ವಿಷಯದಲ್ಲಿ ನಮ್ಮ ಆಚಾರ್ಯರು ಸಡಿಲವಾಗಿ ಮಾತಾಡಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ‘ವಿರುದ್ಧರಾಜ್ಯಾತಿಕ್ರಮ’ವನ್ನೂ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದರ ಸ್ಥಾನದಲ್ಲಿ ‘ವಿಲೋಪ’ವೆಂಬ ಶಬ್ದವನ್ನು ಇಟ್ಟಿದ್ದಾರೆ. ವ್ಯಾಖ್ಯಾನಕಾರರು ಇದನ್ನು ಹೆಚ್ಚಾಗಿ ವ್ಯಾಪಾರದ ಸಂದರ್ಭಕ್ಕೆ ಅನ್ವಯಿಸಿ ವಿವರಿಸುತ್ತಾರೆ. ರಾಜ್ಯದ ಕಟ್ಟಳೆಯನ್ನು ಮೀರಿ ಕೊಡುವುದು, ಕೊಳ್ಳುವುದು, ನಿಷಿದ್ಧವಾದ ಗಡಿಯನ್ನು ದಾಟಿ ವ್ಯವಹರಿಸುವುದು ಎಂದು. ಅತಿಚಾರವೆಂದರೆ ವ್ರತಭಂಗವಲ್ಲ, ವ್ರತಕ್ಕೆ ತಗಲುವ ಕಲೆ. ಆದರೆ ಈ ಕಲೆಯನ್ನು ಅಹಿಂಸೆಯ ಕೆಳಗೆ ಇಡದೆ ಅಚೌರ್ಯದ ಕೆಳಗೆ ಇಟ್ಟಿರುವುದು ಗಮನಿಸತಕ್ಕ ಸಂಗತಿ. ಪರವಾನಗಿ ಇಲ್ಲದೆ ಬಂದೂಕನ್ನು ಬಚ್ಚಿಟ್ಟವನು ಯಾರನ್ನೂ ಕೊಂದಿಲ್ಲದಿರಬಹುದು. ಆದರೂ ತನಗೆ ಕೊಡದಿದ್ದುದನ್ನು ಅವನು ತೆಗೆದುಕೊಂಡಿದ್ದಾನೆ. ನೆರೆಹೊರೆಯವರ ನಂಬಿಕೆ ಅದು. ಈ ಬೀದಿಯಲ್ಲಿ ಯಾರ ಮನೆಯಲ್ಲಿ ಏನಿದೆ ಎಂಬುದು ಯಾರಿಗಾದರೂ ಗೊತ್ತಿದೆ ಎಂಬ ಭರವಸೆಯ ಮೇಲೆ ಊರು ನಿದ್ರಿಸುತ್ತದೆ. ಇನ್ನು ‘ತಿಳಿಯದೆ ಆಯಿತು’ ಎಂಬ ಸಮಾಧಾನಕ್ಕೂ ನಮ್ಮಲ್ಲಿ ಎಡೆಯಿಲ್ಲ. ಹಿಂಸೆಯ ಲಕ್ಷಣವನ್ನೇ ಪ್ರಮತ್ತಯೋಗದಿಂದ ಹೇಳುವ ಧರ್ಮ ನಮ್ಮದು. ಆಯುಧದ ವಿಷಯದಲ್ಲಿ ಎಚ್ಚರಗೇಡಿಯಾಗಿರುವುದೇ ಪ್ರಮಾದ.

ಗಡಿಯೆಂಬುದು ನಮ್ಮ ವ್ರತಗಳಿಗೆ ಅಪರಿಚಿತವೂ ಅಲ್ಲ. ದಿಗ್ವ್ರತದಲ್ಲಿ ಶ್ರಾವಕನು ನದಿ, ಬೆಟ್ಟ, ಸಮುದ್ರಗಳನ್ನು ಗುರುತಾಗಿಟ್ಟುಕೊಂಡು ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ಮಿತಿ ಹಾಕಿಕೊಳ್ಳುತ್ತಾನೆ. ದೇಶವ್ರತದಲ್ಲಿ ಆ ಮಿತಿ ಒಂದು ಊರಿಗೆ, ಒಂದು ಬೀದಿಗೆ, ಕಾಲಬದ್ಧವಾಗಿ ಕಿರಿದಾಗುತ್ತದೆ. ಮಿತಿಯಾಚೆಗೆ ಅವನಿಂದ ಸೂಕ್ಷ್ಮ ಪಾಪವೂ ಘಟಿಸುವುದಿಲ್ಲವಾದ್ದರಿಂದ ಅಲ್ಲಿಯ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳಿಗೆ ಸಮನಾಗುತ್ತವೆ ಎಂಬುದು ಆಚಾರ್ಯರ ಸೂಕ್ಷ್ಮ. ಸರ್ಕಾರದ ಗಡಿ ವಸ್ತುವನ್ನು ತಡೆಯುತ್ತದೆ, ವ್ರತದ ಗಡಿ ತನ್ನನ್ನು ತಾನೇ ತಡೆದುಕೊಳ್ಳುವುದು. ಹೀಗಿರುವಾಗ ‘ಅಲ್ಲಿಯ ಕಾಯಿದೆ ಒಪ್ಪುತ್ತದೆ, ಆದುದರಿಂದ ಇಟ್ಟುಕೊಳ್ಳುವೆ; ಇಲ್ಲಿಯ ಕಾಯಿದೆ ಒಪ್ಪುವುದಿಲ್ಲ, ಆದುದರಿಂದ ಬಿಡುವೆ’ ಎನ್ನುವವನು ತಪ್ಪು ಮಾಡಿದವನೇನೂ ಅಲ್ಲ; ಆದರೆ ವ್ರತದ ಹೆಸರಿನಲ್ಲಿ ಅವನು ಇನ್ನೂ ಏನನ್ನೂ ಮಾಡಿಲ್ಲ.

ಈ ಸಂದರ್ಭದಲ್ಲಿ ನಮ್ಮ ಐಹೊಳೆಯನ್ನು ನೆನೆಯದಿರಲಾಗದು. ಮೇಗುತಿ ಬೆಟ್ಟದ ಜಿನಾಲಯವನ್ನು ರವಿಕೀರ್ತಿ ಕಟ್ಟಿಸಿದ್ದು ಶಕವರ್ಷ 556ರಲ್ಲಿ, ಎಂದರೆ ಕ್ರಿ. ಶ. 634ರಲ್ಲಿ. ಅದರ ಗೋಡೆಯ ಶಾಸನದಲ್ಲಿ ಆ ಜೈನಕವಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದವರು ಹರ್ಷವರ್ಧನನ ಸೋಲನ್ನಷ್ಟೇ ಹೇಳಿ ಇಳಿದುಬರುವುದು ವಾಡಿಕೆ. ಅಹಿಂಸೆಯ ದೇಗುಲದ ಮೇಲೆ ಯುದ್ಧಗಳ ವರ್ಣನೆ ಏಕೆಂದು ಮಗುವೊಂದು ಕೇಳಿದರೆ ಉತ್ತರ ಸಿದ್ಧವಿರಬೇಕು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು, ಉಳಿದವನ್ನು ಬಿಡಲು ಅವನು ಅಶಕ್ತ ಎಂದು ನಮ್ಮವರು ಒಪ್ಪಿಕೊಂಡರು. ಆದುದರಿಂದಲೇ ಚಾವುಂಡರಾಯನಂಥ ದಂಡನಾಯಕರು ಶ್ರಾವಕರಾಗಿಯೂ ಉಳಿದರು. ಆದರೆ ಅಶಕ್ತಿಯನ್ನು ಒಪ್ಪಿಕೊಳ್ಳುವುದು ಬೇರೆ, ಅದನ್ನು ಅಪ್ಪಣೆಯೆಂದು ತಿಳಿಯುವುದು ಬೇರೆ. ಈಚೆಗೆ ನಮ್ಮ ಸಭೆಗಳಲ್ಲಿ ವಿರೋಧೀ ಹಿಂಸೆಯ ಮಾತು ಬಂದಾಗಲೆಲ್ಲ ಎರಡನೆಯ ಅರ್ಥವೇ ಮೇಲಾಗುತ್ತಿದೆಯೆಂದು ನನಗೆ ಅನಿಸುತ್ತದೆ.

ಇದೇ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕ ಸಂಘ ಕನ್ನಡ, ತೆಲುಗು, ತಮಿಳು ನಾಡುಗಳನ್ನೆಲ್ಲ ಹಾಯ್ದು ಕಡಲಾಚೆಗೂ ಹೋಯಿತು. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನ ಐನೂರ್ವರದು. ಬಸದಿಗಳಿಗೂ ದತ್ತಿ ಬಿಟ್ಟ ಈ ಸಂಘದಲ್ಲಿ ಜೈನರೂ ಇದ್ದರು. ಸರಕಿನ ರಕ್ಷಣೆಗೆ ಅವರ ಜೊತೆಯಲ್ಲಿ ಆಯುಧಧಾರಿಗಳಿರುತ್ತಿದ್ದರು. ದೊರೆ ಬದಲಾದಂತೆ ಸುಂಕ ಬದಲಾಗುವ, ನೀತಿ ಬದಲಾಗುವ ನಾಡುಗಳಲ್ಲಿ ಅವರು ತಮ್ಮದೇ ಆದ ವೀರಬಣಂಜು ಧರ್ಮವನ್ನು ಜೊತೆಗೊಯ್ದರು. ಆಯಾ ನಾಡಿನ ಕಟ್ಟಳೆಯೂ ತಮ್ಮ ಧರ್ಮವೂ ಎರಡೂ ಅವರಿಗೆ ಬೇಕಾಗಿದ್ದವು. ಒಂದರಿಂದ ಇನ್ನೊಂದಕ್ಕೆ ವಿನಾಯಿತಿ ಸಿಗುತ್ತಿರಲಿಲ್ಲ.

ಇಲ್ಲಿಯವರೆಗೆ ಕಾನೂನು ನ್ಯಾಯವಾಗಿದೆ ಎಂಬ ಭಾವನೆಯಿಂದಲೇ ಮಾತಾಡಿದ್ದಾಯಿತು. ನ್ಯಾಯವಲ್ಲದ ಶಸ್ತ್ರಕಾನೂನನ್ನೂ ನಮ್ಮ ನೆಲ ಕಂಡಿದೆ. ಮೇಗುತಿಯ ಶಾಸನವನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟರೇ ಹಲಗಲಿ ಬೇಡರ ಲಾವಣಿಯನ್ನೂ ಸಂಗ್ರಹಿಸಿದರೆಂಬುದು ಒಂದು ಸ್ವಾರಸ್ಯ. ಹಲಗಲಿ ಈಗ ನಮ್ಮ ಜಿಲ್ಲೆಯ ಮುಧೋಳ ತಾಲೂಕಿನ ಊರು; ಆಗ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಕಂಪನಿ ಸರ್ಕಾರ 1857ರಲ್ಲಿ ಹೊರಡಿಸಿದ ನಿಶ್ಶಸ್ತ್ರೀಕರಣ ಕಾಯಿದೆಯಂತೆ ಬೇಡರು ತಮ್ಮ ಆಯುಧಗಳನ್ನು ಒಪ್ಪಿಸಬೇಕಾಯಿತು. ಬೇಟೆಯೂ ಕಾವಲೂ ಅವರ ಬದುಕು. ಅವರು ನಿರಾಕರಿಸಿದರು. ನವೆಂಬರಿನ ಕೊನೆಗೆ ಸೈನ್ಯ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಅದಾಗಿ ನಾಲ್ಕನೆಯ ವರ್ಷ, 1861ರಲ್ಲಿ, ಅದೇ ನಿಶ್ಶಸ್ತ್ರೀಕರಣ ಕಾಯಿದೆಯಿಂದ ಕೊಡವರಿಗೆ ವಿನಾಯಿತಿ ದೊರೆಯಿತು. ಬ್ರಿಟಿಷರಿಗೆ ಅವರು ತೋರಿದ ನಿಷ್ಠೆಗೆ ಅದು ಮನ್ನಣೆ. ಆ ವಿನಾಯಿತಿ ಸ್ವತಂತ್ರ ಭಾರತದಲ್ಲಿಯೂ ಮುಂದುವರಿದಿದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅನ್ವಯಿಸುವ ಅದನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕೋವಿಯನ್ನು ಪೂಜಿಸುವ ಕೊಡವರ ಮೇಲೆ ಇಲ್ಲಿ ಯಾವ ಆಕ್ಷೇಪವೂ ಇಲ್ಲ. ಆದರೆ ಇಂದಿನ ಒಂದೇ ರಾಜ್ಯದ ಎರಡು ಮೂಲೆಗಳಲ್ಲಿ ಒಂದೇ ಕಾಯಿದೆ ಒಬ್ಬರಿಗೆ ಗಲ್ಲು, ಇನ್ನೊಬ್ಬರಿಗೆ ಗೌರವ ತಂದಿತೆಂಬುದನ್ನು ಮರೆತು, ಕಾನೂನಿನ ಭೇದಗಳೆಲ್ಲ ವಿವೇಕದಿಂದ ಹುಟ್ಟಿದವೆಂದು ನಾವು ಹೇಳಲಾಗದು.

ಹಾಗಾದರೆ ಹಲಗಲಿಯವರು ಮಾಡಿದ್ದು ವಿರುದ್ಧರಾಜ್ಯಾತಿಕ್ರಮವೆ? ನನ್ನ ಮಟ್ಟಿಗೆ, ಅಲ್ಲ. ಅವರು ಬಚ್ಚಿಡಲಿಲ್ಲ, ಕೊಡುವುದಿಲ್ಲವೆಂದು ಎದುರು ನಿಂತು ಹೇಳಿದರು. ಅವರು ಹಿಡಿದ ಹಿಂಸೆಯ ದಾರಿಯನ್ನು ವ್ರತವು ಅನುಮೋದಿಸದು. ಆದರೆ ಚೌರ್ಯದ ಕಲೆ ಅವರಿಗಿಲ್ಲ. ಅಹಿಂಸೆಯನ್ನೇ ಉಸಿರಾಗಿಸಿಕೊಂಡ, ಶ್ರೀಮದ್ ರಾಜಚಂದ್ರರಿಂದ ಧರ್ಮವಿಚಾರವನ್ನು ಕಲಿತ ಗಾಂಧೀಜಿಯವರು 1918ರ ಸೈನ್ಯಭರ್ತಿಯ ಕರಪತ್ರದಲ್ಲಿ, ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಶಸ್ತ್ರಕಾನೂನನ್ನು ಬ್ರಿಟಿಷ್ ಆಡಳಿತದ ಅತ್ಯಂತ ಕಪ್ಪು ಕೃತ್ಯವಾಗಿ ಎಣಿಸಿದರು. ಓದುವಾಗ ಇದು ವಿರೋಧಾಭಾಸದಂತೆ ಕಾಣುತ್ತದೆ. ಕಿತ್ತುಕೊಂಡದ್ದರಿಂದ ಬಂದ ನಿರಾಯುಧತೆ ಅಹಿಂಸೆಯಾಗದು ಎಂಬುದು ಅದರ ತಿರುಳೆಂದು ನಾನು ತಿಳಿಯುತ್ತೇನೆ. ಮೇಗುತಿ ಬೆಟ್ಟದ ಜೈನಗುಹೆಯಲ್ಲಿಯೂ ಬಾದಾಮಿಯ ನಾಲ್ಕನೆಯ ಗುಹೆಯಲ್ಲಿಯೂ ಬಳ್ಳಿ ಸುತ್ತಿ ನಿಂತಿರುವ ಬಾಹುಬಲಿಯ ಕಥೆ ಇದನ್ನೇ ಹೇಳುತ್ತದೆ. ಭರತನ ಆಜ್ಞೆ ಪೌದನಪುರದಲ್ಲಿ ನಡೆಯದೆಂದು ಅವನು ನಿಂತ; ಸೈನ್ಯಗಳನ್ನು ಬದಿಗಿಟ್ಟು ಆಯುಧವಿಲ್ಲದ ಮೂರು ಸ್ಪರ್ಧೆಗಳಲ್ಲಿ ಗೆದ್ದ; ಗೆದ್ದ ಮೇಲೆ ಬಿಟ್ಟ.

ಈಗ ಮೊದಲಿನ ಮನೆಗೆ ಬರೋಣ. ಹೊರಟು ನಿಂತ ಗೃಹಸ್ಥನ ಮುಂದೆ ಕೆಲವು ದಾರಿಗಳಿವೆ. ಜೊತೆಗೆ ಒಯ್ಯಬಹುದು, ವ್ಯಾಪ್ತಿಯನ್ನು ನೋಡಿ, ಸಾಲದಿದ್ದರೆ ವಿಸ್ತರಿಸಿಕೊಂಡು, ಎರಡೂ ಕಡೆ ತಿಳಿಸಿದರೆ ಕಾನೂನಿಗೆ ಸರಿಹೋಯಿತು. ಆದರೆ ಅಜ್ಜನು ಬಂದೂಕು ಪಡೆದ ಕಾರಣ ಹೊಲದಲ್ಲಿಯೇ ಉಳಿಯಿತಲ್ಲ! ಪುಣೆಯ ಮೂರನೆಯ ಮಹಡಿಗೆ ಕಾಡುಹಂದಿ ಹತ್ತಿ ಬರುವುದಿಲ್ಲ. ವಿರೋಧೀ ಹಿಂಸೆಯ ನೆಪ ಕಳಚಿದ ಮೇಲೆ ಉಳಿಯುವುದು ವಸ್ತುವಿನ ಮೇಲಿನ ಮೋಹ, ಎಂದರೆ ಪರಿಗ್ರಹ. ನಮ್ಮಲ್ಲಿ ಬಹಳ ಜನ ಹಿಡಿಯುವ ಎರಡನೆಯ ದಾರಿ, ಊರಲ್ಲಿರುವ ತಮ್ಮನ ವಶಕ್ಕೆ ಕೊಟ್ಟು ಹೋಗುವುದು. ಇದು ನೇರವಾಗಿ ಅಪರಾಧ. ಪರವಾನಗಿ ಅಣ್ಣನ ಹೆಸರಿನಲ್ಲಿರುವಾಗ ತಮ್ಮನ ಕಪಾಟಿನಲ್ಲಿರುವ ಬಂದೂಕು ಪರವಾನಗಿಯಿಲ್ಲದ ಬಂದೂಕೇ. ತಮ್ಮನಿಗೆ ನಿಜವಾಗಿ ಅಗತ್ಯವಿದ್ದರೆ ಅವನು ತನ್ನ ಹೆಸರಿನಲ್ಲಿ ಕೇಳಬೇಕು. ಪರವಾನಗಿದಾರ ತೀರಿಕೊಂಡಾಗ, ಅಥವಾ ಅವನಿಗೆ 70 ವರ್ಷ ತುಂಬಿದಾಗ, ಅಥವಾ 25 ವರ್ಷ ಇಟ್ಟುಕೊಂಡ ಮೇಲೆ ವಾರಸುದಾರರು ಅರ್ಜಿ ಹಾಕಲು ನಿಯಮಗಳಲ್ಲಿ ಅವಕಾಶವಿದೆ.

ಮೂರನೆಯದು ಮಾರಾಟ. ಪರವಾನಗಿಯಿದ್ದವನಿಗೆ ಮಾರಲು 45 ದಿನ ಮೊದಲು ಜಿಲ್ಲಾಧಿಕಾರಿಗಾಗಲಿ ಪೊಲೀಸ್ ಠಾಣೆಗಾಗಲಿ ಬರೆದು ತಿಳಿಸಬೇಕೆಂದು ಅಧಿನಿಯಮ ಹೇಳುತ್ತದೆ. ಕಾನೂನಿನ ಬಾಗಿಲು ತೆರೆದಿದೆ, ಸರಿ. ವ್ರತದ ಬಾಗಿಲಲ್ಲಿ ಹಿಂಸಾದಾನವೆಂಬ ಅನರ್ಥದಂಡ ನಿಂತಿದೆ. ಕೊಡಲಿ, ಕತ್ತಿ, ಬೆಂಕಿ, ವಿಷಗಳಂಥ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ಆಚಾರ್ಯರು ಇದರಲ್ಲಿ ಸೇರಿಸಿದ್ದಾರೆ. ಹಣ ಎಣಿಸಿಕೊಂಡು ಬಂದೂಕನ್ನು ಅಪರಿಚಿತನ ಕೈಗಿತ್ತವನು ತನ್ನ ಮನೆಯಿಂದ ಹಿಂಸೆಯ ಸಾಧನವನ್ನು ಹೊರಹಾಕಿದನೇ ಹೊರತು ಲೋಕದಿಂದಲ್ಲ. ಕೊನೆಯದಾಗಿ ಉಳಿಯುವುದು ಒಪ್ಪಿಸುವ ದಾರಿ. ಠಾಣೆಗೆ ಬಂದೂಕು, ತೋಟೆಗಳನ್ನು ಕೊಟ್ಟು, ರಸೀದಿ ಪಡೆದು, ಪರವಾನಗಿಯ ರದ್ದತಿಗೆ ಬರೆದುಕೊಡುವುದು. ಗೊತ್ತಾದ ಅವಧಿಯಲ್ಲಿ ಯಾರೂ ಹಿಂದಕ್ಕೆ ಕೇಳದಿದ್ದರೆ ಅದು ಸರ್ಕಾರಕ್ಕೆ ಸೇರುತ್ತದೆ. ಸರ್ಕಾರ ಅದನ್ನು ಏನು ಮಾಡೀತು ಎಂಬ ಶಂಕೆ ನ್ಯಾಯವಾದದ್ದೇ. ಆದರೆ ಅಲ್ಲಿ ಲಾಭವಿಲ್ಲ, ಪ್ರೇರಣೆಯಿಲ್ಲ, ಗುಟ್ಟೂ ಇಲ್ಲ. ಹೊಸ ರಾಜ್ಯದ ಅಧಿಕಾರಿ ಬೇಡವೆಂದ ಮೇಲೆ ಹೀಗೆ ಮಾಡಿದರೆ ಅದು ಕೇವಲ ವಿಧೇಯತೆ. ಹೊರಡುವ ಮೊದಲೇ, ಯಾರೂ ಕೇಳದಿರುವಾಗ, ಮನೆಮಂದಿ ಕೂತು ಮಾತಾಡಿ ಮಾಡಿದರೆ ತ್ಯಾಗ. ತೋಟದ ಒಂಟಿಮನೆಯಲ್ಲಿ ಇಂದಿಗೂ ಭಯದಿಂದ ಬದುಕುವವರಿಗೆ ಇದನ್ನು ನಾನು ಹೇಳುತ್ತಿಲ್ಲ. ಅವರ ಅಶಕ್ತಿಯನ್ನು ಶಾಸ್ತ್ರವೇ ಮನ್ನಿಸಿರುವಾಗ ನಾವು ಯಾರು?

ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಇದು ಸಂಬಂಧಿಸಿದ ವಿಷಯ. ಪಂಚಲೋಹದ ಬಿಂಬಗಳ ಕಳವಿಗೆ ಅಂಜಿ ಬಂದೂಕುಧಾರಿ ಕಾವಲುಗಾರನನ್ನು ನೇಮಿಸಿಕೊಳ್ಳಲು ಹೊರಡುವ ಟ್ರಸ್ಟುಗಳಿವೆ. ಆ ಕಾವಲುಗಾರ ದೂರದ ಉತ್ತರಪ್ರದೇಶದವನೋ ಬಿಹಾರದವನೋ ಆಗಿರಬಹುದು. ಅವನ ಪರವಾನಗಿ ಅವನ ಜಿಲ್ಲೆಗೆ ಮಾತ್ರ ಸೀಮಿತವಾಗಿದ್ದರೆ ಬಸದಿಯ ಬಾಗಿಲಲ್ಲಿ ನಿಂತಿರುವುದು ಅಕ್ರಮ ಆಯುಧ. ‘ಬಂದೂಕು ಅವನದು, ನಮ್ಮದಲ್ಲ’ ಎಂದು ಧರ್ಮದರ್ಶಿಗಳು ಜಾರಿಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮೋದನೆಗಳನ್ನು ಒಂದೇ ಸಾಲಿನಲ್ಲಿ ಇಟ್ಟ ಧರ್ಮದ ಆಲಯವನ್ನೇ ಅವರು ಕಾಯುತ್ತಿರುವುದು. ಬಂದೂಕಿಗಿಂತ ಮೊದಲು ಮಾಡಬೇಕಾದ ಕೆಲಸಗಳು ಎಷ್ಟೋ ಕಡೆ ಬಾಕಿ ಇವೆ. ಪ್ರತಿಯೊಂದು ಬಿಂಬದ ಛಾಯಾಚಿತ್ರ, ಅಳತೆ, ಪೀಠದ ಬರಹದ ನಕಲು ಇರಬೇಕು. ನೂರು ವರ್ಷ ದಾಟಿದ ವಿಗ್ರಹಗಳನ್ನು 1972ರ ಪುರಾವಸ್ತು ಅಧಿನಿಯಮದಂತೆ ನೋಂದಾಯಿಸಿರಬೇಕು. ಕಳುವಾದ ಬಿಂಬ ಬೇರೆ ರಾಜ್ಯದಲ್ಲಿ ಸಿಕ್ಕಾಗ ಇದು ನಮ್ಮದೆಂದು ತೋರಿಸಲು ಆ ಕಾಗದವೇ ಆಧಾರ. ಗಟ್ಟಿಯಾದ ಕದ, ರಾತ್ರಿ ಉರಿಯುವ ದೀಪ, ಊರಿನವರದೇ ಸರದಿಯ ಕಾವಲು ಇವೂ ಆಗಬೇಕು. ಇಷ್ಟಾದ ಮೇಲೂ ಬಂದೂಕು ಬೇಕೇ ಬೇಕೆಂದು ತೀರ್ಮಾನಿಸಿದ ಮಂಡಳಿಯ ಕಾರ್ಯದರ್ಶಿಗಳು, ನೇಮಕದ ಮೊದಲು ಆ ಪರವಾನಗಿಯ ವ್ಯಾಪ್ತಿಯ ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ, ನಡವಳಿ ಪುಸ್ತಕದಲ್ಲಿ ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದನ್ನು ಹೆಸರು ಸಹಿತ ಬರೆಯಿಸಲಿ.